ಇಲಿ ಕಡಿದ ಸೀಟ್ ಬೆಲ್ಟ್‌ಗೆ ಹೊಲಿಗೆ ಹಾಕಿಸ್ಬಹುದಾ? ತೀರ್ಥಹಳ್ಳಿ, ಶಿವಮೊಗ್ಗ ಕಡೆ ಯಾರಾದ್ರೂ ಮಾಡ್ಸಿದೀರಾ?

ಕೋಣಂದೂರು ರೋಡ್
ಎಲ್ರಿಗೂ ನಮಸ್ಕಾರ. ನಮ್ದು 2013ರ ಸಣ್ಣ ಕಾರು. ಮಳೆ ಹಿಡಿದ್ಮೇಲೆ ಅಡಿಕೆ ಗೋದಾಮಿನ ಪಕ್ಕದ ಶೆಡ್ಡಲ್ಲೇ ನಿಂತಿರುತ್ತೆ, ವಾರಕ್ಕೊಂದ್ಸಲ ಪೇಟೆಗೆ ಹೋಗೋಕೆ ಮಾತ್ರ ತೆಗೆಯೋದು. ಮೊನ್ನೆ ಅಮ್ಮನ್ನ ಕೂರಿಸ್ಕೊಂಡು ಹೊರಟು ಎಡಗಡೆ ಮುಂದಿನ ಬೆಲ್ಟ್ ಎಳೆದ್ರೆ ಅಂಚಲ್ಲಿ ಇಲಿ ಕಡಿದು ಹಾಕಿದೆ ಮಾರಾಯ್ರೆ. ಹೆಬ್ಬೆರಳಿನ ಉಗುರಿನಷ್ಟು ಜಾಗ ಇಲ್ಲವೇ ಇಲ್ಲ, ಸುತ್ತ ನೂಲು ಬ್ರಷ್ ತರ ಎದ್ದು ನಿಂತಿದೆ, ಅದೂ ಸರಿಯಾಗಿ ಎದೆ ಮೇಲೆ ಬರೋ ಜಾಗದಲ್ಲಿ.

ಸರ್ವಿಸ್ ಸೆಂಟರಲ್ಲಿ ಕೇಳಿದ್ರೆ ಬರೀ ಪಟ್ಟಿ ಸಿಗಲ್ಲ, ಪೂರ್ತಿ ಸೆಟ್ಟೇ ಹಾಕ್ಬೇಕು, 3,800 ರೂಪಾಯಿ, ಬರೋಕೆ ಮೂರು ವಾರ ಅಂದ್ರು. ಪೇಟೆಲಿ ಸೀಟ್ ಕವರ್ ಹೊಲಿಯೋರೊಬ್ರು "ತಂದ್ಕೊಡಿ, ಮೇಲೊಂದು ಪಟ್ಟಿ ಇಟ್ಟು ನಾಲ್ಕು ಲೈನ್ ಹೊಡ್ದು ಕೊಡ್ತೀನಿ, 150 ಕೊಡಿ ಸಾಕು" ಅಂದ್ರು. ಮುಂದಿನ ಸೋಮವಾರ ಅಮ್ಮನ್ನ ಕಣ್ಣು ತೋರ್ಸೋಕೆ ಮಣಿಪಾಲಕ್ಕೆ ಕರ್ಕೊಂಡು ಹೋಗ್ಬೇಕು, ಆಗುಂಬೆ ಘಾಟಿ ಇಳಿದು. ಮೂರು ವಾರ ಕಾಯೋಕೆ ಆಗಲ್ಲ.

ಇನ್ನೊಂದು ವಿಷ್ಯ. ಅಮ್ಮ ಐದಡಿಗಿಂತ ಕಮ್ಮಿ, ಬೆಲ್ಟ್ ಯಾವಾಗ್ಲೂ ಕುತ್ತಿಗೆಗೆ ಉಜ್ಜುತ್ತೆ ಅಂತ ಗೊಣಗ್ತಾರೆ. ಹೊಲಿಸೋವಾಗ್ಲೇ ಸ್ವಲ್ಪ ಮಡಿಸಿ ಗಿಡ್ಡ ಮಾಡ್ಸಿದ್ರೆ ಎರಡೂ ಒಂದೇ ಸಲ ಮುಗಿಯುತ್ತಲ್ವಾ? ಮಾಡ್ಸಿದೋರಿದ್ರೆ ಹೇಳಿ.

ಗೋಪಿ ಸರ್ಕಲ್ ಹುಡ್ಗ
ಬ್ರೋ ತಲೆ ಕೆಡಿಸ್ಕೋಬೇಡಿ. ನಂದು ಬಾಗಿಲಿಗೆ ಸಿಕ್ಕಿ ಹರಿದಿತ್ತು, ಬ್ಯಾಗ್ ರಿಪೇರಿಯವ್ರ ಹತ್ರ ಹೊಲಿಸಿ ನಾಲ್ಕು ವರ್ಷ ಆಯ್ತು, ಒಂದು ದಾರ ಬಿಟ್ಟಿಲ್ಲ. 150 ರೂಪಾಯಿ ಕೆಲ್ಸಕ್ಕೆ 3,800 ಯಾಕೆ ಕೊಡ್ತೀರಾ.

ಮೆಕ್ಯಾನಿಕಲ್ ಮೇಷ್ಟ್ರು
ಗೋಪಿ ಸರ್ಕಲ್ ಅವ್ರೆ, ನಾಲ್ಕು ವರ್ಷದಲ್ಲಿ ಒಂದ್ಸಲಾನಾದ್ರೂ ಗುದ್ದಿದೀರಾ? ಇಲ್ಲ ಅಲ್ವಾ. ಹಂಗಿದ್ರೆ ಆ ಹೊಲಿಗೆಗೆ ಇನ್ನೂ ಪರೀಕ್ಷೆನೇ ಆಗಿಲ್ಲ. ದಿನಾ ಬೆಲ್ಟ್ ಮೇಲೆ ಬೀಳೋ ಎಳೆತ ಒಳಗಿರೋ ಸ್ಪ್ರಿಂಗಿಂದು ಮಾತ್ರ, ಒಂದು ಕೆಜಿನೂ ಇರಲ್ಲ. ಅಷ್ಟಕ್ಕೆ ಹಗ್ಗ ಬೇಡ, ಬಾಳೆನಾರೂ ತಡೆಯುತ್ತೆ.

ಗುದ್ದಿದಾಗಿನ ಲೆಕ್ಕ ನೋಡಿ. 60 ಕೆಜಿ ಮನುಷ್ಯ, ಕಾರು 50 ಕಿಲೋಮೀಟರ್ ಸ್ಪೀಡಲ್ಲಿದೆ. ಕಾರಿನ ಮೂತಿ ನುಜ್ಜಾಗೋದು, ಬೆಲ್ಟ್ ಸ್ವಲ್ಪ ಹಿಗ್ಗೋದು ಎಲ್ಲ ಸೇರಿ ಆ ಮನುಷ್ಯ ಅರ್ಧ ಮೀಟರ್ ದೂರದಲ್ಲಿ ನಿಲ್ತಾನೆ ಅಂತ ಇಟ್ಕೊಳ್ಳಿ. ಸರಾಸರಿ ಬಲ ಸುಮಾರು 11.5 ಕಿಲೋನ್ಯೂಟನ್, ನಮ್ಮ ಭಾಷೆಲಿ ಹೇಳೋದಾದ್ರೆ ಒಂದು ಟನ್‌ಗಿಂತ ಜಾಸ್ತಿ. ಅದು ಸೊಂಟದ ಪಟ್ಟಿಗೂ ಎದೆ ಪಟ್ಟಿಗೂ ಹಂಚಿ ಹೋಗುತ್ತೆ, ಸರಿ, ಆದ್ರೆ ಸರಾಸರಿ ಬೇರೆ, ಆ ಕ್ಷಣದ ಗರಿಷ್ಠ ಎಳೆತ ಬೇರೆ. ಅದಕ್ಕೇ ಯುರೋಪಿನ ನಿಯಮದಲ್ಲಿ ಪಟ್ಟಿ ಕನಿಷ್ಠ 14.7 ಕಿಲೋನ್ಯೂಟನ್, ಅಂದ್ರೆ ಒಂದೂವರೆ ಟನ್ ತಡೀಬೇಕು ಅಂತ ಇಟ್ಟಿದಾರೆ. ನಮ್ಮಲ್ಲೂ ಇದಕ್ಕೆ ಐಎಸ್ 15140 ಅಂತ ಬೇರೆ ಸ್ಟ್ಯಾಂಡರ್ಡೇ ಇದೆ.

ಪಟ್ಟಿಲಿ ಭಾರ ಹೊರೋದು ಉದ್ದಕ್ಕೆ ಹೋಗಿರೋ ಪಾಲಿಯೆಸ್ಟರ್ ನೂಲು. ಇಲಿ ಅಂಚಲ್ಲಿ ಕಡಿದಿದೆ ಅಂದ್ರೆ ಅಷ್ಟು ನೂಲು ಆ ಜಾಗದಲ್ಲಿ ಸತ್ತಂಗೆ. ಮಿಕ್ಕಿದ್ದು ಗಟ್ಟಿ ಇದೆ ಅನ್ಕೋಬೇಡಿ, ಎಳೆತ ಬಿದ್ರೆ ಹರಿಯೋಕೆ ಶುರುವಾಗೋದು ಆ ಕಚ್ಚಿನಿಂದಾನೇ. ಹಳೇ ಪಂಚೆ ಹರಿಯೋಕೆ ಮೊದ್ಲು ಅಂಚಲ್ಲಿ ಹಲ್ಲಿಂದ ಕಚ್ಚಲ್ವಾ, ಅದೇ ಲೆಕ್ಕ.

ಗೋಪಿ ಸರ್ಕಲ್ ಹುಡ್ಗ
ಸಾರ್, ಆಗುಂಬೆ ಘಾಟಿಲಿ 50ರಲ್ಲಿ ಯಾರ್ ಹೋಗ್ತಾರೆ? 14 ತಿರುವು, ಮಂಜು ಬೇರೆ, 20–30 ಅಷ್ಟೇ.

ಮೆಕ್ಯಾನಿಕಲ್ ಮೇಷ್ಟ್ರು
ಮಣಿಪಾಲಕ್ಕೆ ಹೋಗೋಕೆ ಬರೀ ಘಾಟಿ ಅಲ್ಲ, ಕೆಳಗೆ ಸೋಮೇಶ್ವರ ದಾಟಿದ್ಮೇಲೆ ನೇರ ರಸ್ತೆನೂ ಇದೆ. ಇರ್ಲಿ, ನಿಮ್ಮ 30ನೇ ತಗೊಳ್ಳೋಣ. 30ರಲ್ಲಿ ಗೋಡೆಗೆ ಗುದ್ದೋದು ಅಂದ್ರೆ ಹನ್ನೊಂದೂವರೆ ಅಡಿ ಮೇಲಿಂದ ಬಿದ್ದಂಗೆ, ಮನೆ ಅಟ್ಟದಿಂದ ಅಂಗಳಕ್ಕೆ ಬಿದ್ದಂಗೆ ಅಂತ ಇಟ್ಕೊಳ್ಳಿ. 50ರಲ್ಲಿ ಆದ್ರೆ 32 ಅಡಿ, ಅಡಿಕೆ ಕೊನೆ ತೆಗೆಯೋನು ಅರ್ಧ ಮರದಿಂದ ಕೈಬಿಟ್ಟಂಗೆ. ಅಮ್ಮನ ವಯಸ್ಸು ಎಷ್ಟು ಅಂತ ಕೇಳಲ್ಲ, ಲೆಕ್ಕ ನೀವೇ ಹಾಕಿ.

ಕುಶನ್ ಕೆಲ್ಸದೋನು
ನಾನು ಶಿವಮೊಗ್ಗದಲ್ಲಿ 22 ವರ್ಷದಿಂದ ಸೀಟ್ ಹೊಲಿಯೋನು, ಅಂಗಡಿ ಹೆಸರು ಹೇಳಿದ್ರೆ ಜಾಹೀರಾತು ಅಂತೀರ, ಬಿಡಿ. ಬೆಲ್ಟ್ ಹೊಲಿಯೋಕೆ ವಾರಕ್ಕೆ ಒಬ್ರಾದ್ರೂ ಬರ್ತಾರೆ. ಮೊದ್ಲೆಲ್ಲ ನಾನೂ ಹೊಲಿದಿದ್ದೆ, ಸುಳ್ಳು ಹೇಳಲ್ಲ. ಈಗ ಮುಟ್ಟಲ್ಲ. 150 ಹೇಳಿದೋರು ಮೋಸ ಮಾಡ್ತಿದಾರೆ ಅಂತ ಅಲ್ಲ, ಅವರಿಗೆ ಅದೂ ಒಂದು ಪಟ್ಟಿ ಅಷ್ಟೇ, ರೆಕ್ಸಿನ್ ಬ್ಯಾಗಿನ ಹಿಡಿಕೆ ತರ.

ನಮ್ಮ ಮಿಷನ್ನಿಗೆ ಹಾಕೋದು ರೆಕ್ಸಿನ್, ಲೆದರ್ ಹೊಲಿಯೋ ಸೂಜಿ. ಲೆದರ್ ಸೂಜಿ ತುದಿ ದುಂಡಗಿರಲ್ಲ, ಸಣ್ಣ ಉಳಿ ತರ ಇರುತ್ತೆ, ಚುಚ್ಚೋದಲ್ಲ ಕುಯ್ಯೋದು. ಲೆದರಿಗೆ ಅದೇ ಬೇಕು. ಅದೇ ಸೂಜಿ ಬೆಲ್ಟಿಗೆ ಹೋದ್ರೆ ಪ್ರತಿ ತೂತಲ್ಲೂ ನೂಲು ಕುಯ್ಕೊಂಡು ಹೋಗುತ್ತೆ. ನಾಲ್ಕು ಲೈನ್ ಗಟ್ಟಿಯಾಗ್ಲಿ ಅಂತ ಎಂಟು ಲೈನ್ ಹೊಡೆದ್ರೆ ಎರಡರಷ್ಟು ಕುಯ್ದಂಗಾಯ್ತು. ಗಿರಾಕಿಗೆ ಮಾತ್ರ ನೋಡೋಕೆ ಭಾರಿ ಭದ್ರ ಕಾಣುತ್ತೆ.

ನಿಮ್ಮ ಕಾರಲ್ಲಿ ಚೆನ್ನಾಗಿರೋ ಬೆಲ್ಟೊಂದನ್ನ ಪೂರ್ತಿ ಎಳೆದು ನೋಡಿ, ಕಂಪನಿಯವ್ರು ಹೊಲಿಗೆ ಎಲ್ಲಿ ಹಾಕಿದಾರೆ ಅಂತ. ಕೆಳಗೆ ಬೋಲ್ಟ್ ಹತ್ರ ಪಟ್ಟಿ ಮಡಚಿದ ಕಡೆ, ಒತ್ತೊತ್ತಾಗಿ, ಒಂದೇ ಅಳತೆಲಿ ಇರುತ್ತೆ. ಎದೆ ಮೇಲೆ ಬರೋ ಜಾಗದಲ್ಲಿ ಒಂದೇ ಒಂದು ಹೊಲಿಗೆ ಇರಲ್ಲ. ಅಲ್ಲಿ ಹೊಲಿಗೆ ಬೇಕಿದ್ರೆ ಅವ್ರೇ ಹಾಕ್ತಿರ್ಲಿಲ್ವಾ?

ಹಂಗೇ ಇನ್ನೊಂದು, ಕೇಳದಿದ್ರೂ ಹೇಳ್ತೀನಿ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅಂತ ಸಣ್ಣ ಲೇಬಲ್ ಇರೋ ಕಾರಿಗೆ ಸಾದಾ ಸೀಟ್ ಕವರ್ ಹಾಕಿಸ್ಬೇಡಿ, ಬ್ಯಾಗ್ ಹೊರಗೆ ಬರೋ ಜಾಗ ಮುಚ್ಚಿ ಹೋಗುತ್ತೆ. ಅದನ್ನೂ ಹೇಳಿ ಹೇಳಿ ಸಾಕಾಗಿದೆ.

ಕೋಣಂದೂರು ರೋಡ್
ಥ್ಯಾಂಕ್ಸ್ ಸಾರ್, ಕೆಲ್ಸ ಮಾಡೋರೇ ಬೇಡ ಅಂದ್ಮೇಲೆ ಹೊಲಿಗೆ ಆಸೆ ಬಿಟ್ಟೆ. ಇವತ್ತು ಬೆಲ್ಟ್ ಪೂರ್ತಿ ಎಳೆದು ಟಾರ್ಚ್ ಬಿಟ್ಟು ನೋಡಿದೆ, ಮೇಲೆ ಕಾಣೋದಲ್ದೆ ಒಳಗೆ ಸುತ್ತಿದ್ದ ಕಡೆ ಇನ್ನೊಂದು ಕಚ್ಚು ಇದೆ, ಅದರ ಜೊತೆ ಇಲಿ ಹಿಕ್ಕೆ ಬೇರೆ. ಒಳಗಿನ ಪಟ್ಟಿ ಮಾತ್ರ ಹೊಸದರ ತರ ಹೊಳೀತಿದೆ, ಹೊರಗಿಂದು ಮಾಸಿ ಅಂಚು ನುಣುಪಾಗಿದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗಲೇ ಹತ್ತು ವರ್ಷ ಅಂದ್ರೆ ಏನು ಅಂತ ಗೊತ್ತಾಗಿದ್ದು.

ಆದ್ರೆ ಗಿಡ್ಡ ಮಾಡೋದು? ಚೆನ್ನಾಗಿರೋ ಬೆಲ್ಟಲ್ಲಿ ಕೆಳಗಡೆ ಒಂದು ಮಡಿಕೆ ಹಾಕಿದ್ರೆ ಏನಾಗುತ್ತೆ?

ಭದ್ರಾವತಿ ಫಿಟ್ಟರ್
ಗ್ಯಾರೇಜಲ್ಲಿ ಇರೋನು ನಾನು, ಟೈಪಿಂಗ್ ನಿಧಾನ, ತಪ್ಪಿದ್ರೆ ಸುಧಾರಿಸ್ಕೊಳ್ಳಿ.

ಬೆಲ್ಟ್ ಗಿಡ್ಡ ಮಾಡಿದ್ರೆ ಕುತ್ತಿಗೆ ಉಜ್ಜೋದು ನಿಲ್ಲಲ್ಲ. ಈಗ ಬರ್ತಿರೋ ಬೆಲ್ಟು ನಮ್ಮ ಹಳೇ ಕಾಲದ ಚಡ್ಡಿ ಬೆಲ್ಟಲ್ಲ, ಬಾಗಿಲ ಪಕ್ಕದ ಕಂಬದೊಳಗೆ ಒಂದು ಗಾಲಿ ಇದೆ, ಅದು ಎಷ್ಟು ಬೇಕೋ ಅಷ್ಟು ತಾನೇ ಸುತ್ಕೊಳ್ಳುತ್ತೆ. ನೀವು ಒಂದಡಿ ಮಡಚಿದ್ರೆ ಗಾಲಿ ಒಂದಡಿ ಬಿಡುತ್ತೆ, ಬೆಲ್ಟ್ ಮೈಮೇಲೆ ಹೋಗೋ ದಾರಿ ಅದೇ. ಉಜ್ಜೋದು ಉದ್ದದಿಂದ ಅಲ್ಲ, ಮೇಲಿನ ರಿಂಗು ಎತ್ತರದಲ್ಲಿರೋದ್ರಿಂದ. ಅದಲ್ದೆ ಮಡಿಕೆ ಹಾಕಿದ ದಪ್ಪ ಜಾಗ ರಿಂಗಲ್ಲೋ ಬಕಲ್ಲಿಗೆ ಸಿಕ್ಕಿಸೋ ನಾಲಿಗೆಲೋ ಸಿಕ್ಕಾಕಿಕೊಂಡ್ರೆ ಬೆಲ್ಟ್ ಅರ್ಧಕ್ಕೇ ನಿಂತು ಮೈಮೇಲೆ ಸಡಿಲ ಉಳಿಯುತ್ತೆ, ಸಡಿಲ ಬೆಲ್ಟು ಹಾಕೋದು ಒಂದೇ ಹಾಕದಿರೋದು ಒಂದೇ ಅನ್ನಲ್ಲ, ಆದ್ರೆ ಹತ್ರ ಹತ್ರ.

ಆ ಗಾಲಿ ಡಬ್ಬಿ ಬಿಚ್ಚೋಕೆ ಹೋಗ್ಬೇಡಿ. ಒಳಗೆ ಗಡಿಯಾರದ ತರ ಸುರುಳಿ ಸ್ಪ್ರಿಂಗ್ ಇದೆ, ಮುಚ್ಚಳ ತೆಗೆದ್ರೆ ಮುಖಕ್ಕೆ ಬರುತ್ತೆ, ನಮ್ಮಲ್ಲಿ ಒಬ್ಬ ಹುಡುಗ ಹುಬ್ಬಿಗೆ ಹೊಲಿಗೆ ಹಾಕಿಸ್ಕೊಂಡ. ಇನ್ನೊಂದು ಕಡೆ ಸಣ್ಣ ಉಕ್ಕಿನ ಗುಂಡೊಂದು ಬಟ್ಟಲಲ್ಲಿ ಕೂತಿರುತ್ತೆ, ಬ್ರೇಕ್ ಹೊಡೆದಾಗ ಅದು ಉರುಳಿ ಲಾಕ್ ಹಾಕೋದು. ಮಲೆನಾಡಿನ ಗಿರಾಕಿಗಳು "ಮನೆ ದಿಣ್ಣೆ ಮೇಲೆ ಕಾರ್ ನಿಲ್ಲಿಸಿದ್ರೆ ಬೆಲ್ಟ್ ಬರೋದೇ ಇಲ್ಲ, ಹಾಳಾಗಿದೆ" ಅಂತ ಬರ್ತಾರಲ್ಲ, ಹಾಳಾಗಿರಲ್ಲ, ಇಳಿಜಾರಿಗೆ ಗುಂಡು ಉರುಳಿ ಲಾಕ್ ಬಿದ್ದಿರುತ್ತೆ ಅಷ್ಟೇ. ಕಾರು ಮಟ್ಟ ಜಾಗಕ್ಕೆ ತಂದು ಬೆಲ್ಟ್ ಪೂರ್ತಿ ಒಳಗೆ ಬಿಟ್ಟು ನಿಧಾನ ಎಳೀರಿ.

ಗುಜರಿಯಿಂದ ತಂದು ಹಾಕೋಣ ಅಂತ ಯಾರಾದ್ರೂ ಹೇಳೋಕೆ ಮುಂಚೆನೇ ನಾನೇ ಹೇಳ್ತೀನಿ. ಸಾಗರ ರೋಡ್ ಆಟೋ ಕಾಂಪ್ಲೆಕ್ಸ್ ಕಡೆ ಹುಡುಕಿದ್ರೆ ಬೇಕಾದಷ್ಟು ಸಿಗ್ತಾವೆ. ಆದ್ರೆ ಗುಜರಿಗೆ ಬಂದ ಕಾರು ಯಾಕೆ ಬಂತು? ಬಹಳಷ್ಟು ಗುದ್ದಿ ಬಂದಿರುತ್ತೆ. ಒಂದ್ಸಲ ಮನುಷ್ಯನ್ನ ಹಿಡಿದ ಬೆಲ್ಟು ಹಿಗ್ಗಿಬಿಟ್ಟಿರುತ್ತೆ, ರಿಂಗಲ್ಲಿ ಹಾದ ಜಾಗದಲ್ಲಿ ನೂಲು ಕರಗಿದಂಗೆ ಹೊಳಪು ಗೆರೆ ಬಿದ್ದಿರುತ್ತೆ. ಅಂಥದ್ದನ್ನ ಮತ್ತೆ ಹಾಕೋ ಹಂಗೇ ಇಲ್ಲ. ಬೇರೆ ಮಾಡೆಲ್ ಡಬ್ಬಿ ತಂದು ಕೂರಿಸಿದ್ರೆ ಓರೆ ಬೇರೆ ಆಗಿ ಗುಂಡು ಸರಿ ಕೂರಲ್ಲ, ಎಡಗಡೆದು ಬಲಗಡೆಗೂ ಆಗಲ್ಲ. ಬೋಲ್ಟೂ ಅಷ್ಟೇ, ಬೆಲ್ಟ್ ಬೋಲ್ಟು ಸಾಮಾನ್ಯವಾಗಿ 7/16 ಇಂಚಿಂದು, ಸಣ್ಣ ಪಟ್ಟೆದು (ಥ್ರೆಡ್). ಕೈಗೆ ಸಿಕ್ಕಿದ 12 ಎಂಎಂ ಬೋಲ್ಟ್ ಬಲವಂತವಾಗಿ ತಿರುಗಿಸಿ ಪಟ್ಟೆ ಹಾಳು ಮಾಡಿದ ಕಾರು ನನ್ನ ಹತ್ರಾನೇ ಎರಡು ಬಂದಿವೆ.

ಮತ್ತೆ ಡಬ್ಬಿಗೆ ಹಳದಿ ಕನೆಕ್ಟರ್ ವೈರ್ ಬಂದಿದ್ರೆ ಕೈ ಹಾಕ್ಲೇಬೇಡಿ. ಅದರಲ್ಲಿ ಪ್ರಿಟೆನ್ಷನರ್ ಇದೆ, ಸಣ್ಣ ಪಟಾಕಿ ಮದ್ದು ಅಂತ ತಿಳ್ಕೊಳ್ಳಿ, ಗುದ್ದಿದ ಕ್ಷಣ ಸಿಡಿದು ಬೆಲ್ಟ್ ಬಿಗಿ ಮಾಡೋದು. ಬ್ಯಾಟರಿ ತೆಗೆದು ಮ್ಯಾನ್ಯುಯಲಲ್ಲಿ ಹೇಳಿದಷ್ಟು ಹೊತ್ತು ಕಾದೇ ಮುಟ್ಟಬೇಕು, ಮೀಟರ್ ಇಟ್ಟು ಚೆಕ್ ಮಾಡೋ ಬುದ್ಧಿವಂತಿಕೆ ಬೇಡ. ಒಂದ್ಸಲ ಸಿಡಿದ್ರೆ ಅದರ ಕಥೆ ಮುಗೀತು, ಹೊಸದೇ ಹಾಕ್ಬೇಕು.

ಸಾಗರದ ಅಕ್ಕ
ಹೊಲಿಗೆ ವಿಷ್ಯ ಗಂಡಸರು ಮಾತಾಡಿದೀರಿ, ನಾನು ಕುತ್ತಿಗೆ ವಿಷ್ಯಕ್ಕೆ ಬರ್ತೀನಿ. ಕೋಣಂದೂರು ಅವ್ರೆ, ನಿಮ್ಮ ಅಮ್ಮ ಬೆಲ್ಟಿಗೆ ಪಿನ್ನು ಹಾಕ್ಕೊಳ್ತಾರಾ ಒಂದ್ಸಲ ನೋಡಿ. ನಮ್ಮತ್ತೆ ಹಾಕ್ಕೊಳ್ತಿದ್ರು. ಸೆರಗಿನ ಪಿನ್ನಲ್ಲಿ ಬೆಲ್ಟ್ ಹಿಂದೆ ಎಳೆದು ಸೀಟ್ ಕವರಿಗೆ ಸಿಕ್ಕಿಸಿಬಿಡೋದು, ಕುತ್ತಿಗೆಗೆ ತಾಗದಂಗೆ. ನಾವು ತಿಂಗಳುಗಟ್ಟಲೆ ಗಮನಿಸಿರ್ಲೇ ಇಲ್ಲ, ಬೆಲ್ಟ್ ತೊಳೆಯೋಕೆ ಹೋದಾಗ ಒಂದೇ ಜಾಗದಲ್ಲಿ ಹತ್ತಿಪ್ಪತ್ತು ತೂತು, ನೂಲು ಕಿತ್ತು ಬಂದಿದೆ. ಕೇಳಿದ್ರೆ "ಬೆಲ್ಟ್ ಹಾಕ್ಕೊಂಡಿದೀನಲ್ಲ, ಇನ್ನೇನ್ ಬೇಕು ನಿಂಗೆ" ಅಂತ ನನ್ನ ಮೇಲೇ ರೇಗಿದ್ರು.

ಮೊದ್ಲು ಬಾಗಿಲ ಕಂಬದಲ್ಲಿ ಬೆಲ್ಟ್ ಬರೋ ಕಡೆ ಒಂದು ಗುಂಡಿ ಇದೆಯಾ ನೋಡಿ, ಒತ್ತಿ ಕೆಳಗೆ ಜಾರಿಸೋಕೆ ಬರುತ್ತೆ. ಎಲ್ಲ ಕಾರಲ್ಲೂ ಇರಲ್ಲ, ಇದ್ರೆ ಅರ್ಧ ತೊಂದ್ರೆ ಅಲ್ಲೇ ಕಳೀತು. ಸೀಟ್ ಎತ್ತರ ಮಾಡೋ ಹಿಡಿಕೆ ಇದ್ರೆ ಅದನ್ನೂ ಎತ್ತಿ. ಬೆಲ್ಟು ಹೆಗಲಿನ ಮಧ್ಯದಿಂದ ಎದೆ ಮೂಳೆ ಮೇಲೆ ಹಾದು ಹೋಗ್ಬೇಕು, ಕೆಳಗಿಂದು ಹೊಟ್ಟೆ ಮೇಲಲ್ಲ, ಸೊಂಟದ ಮೂಳೆ ಮೇಲೆ, ತೊಡೆಗೆ ಒತ್ತಿದಂಗೆ ಕೂರ್ಬೇಕು. ಸೀರೆ ನೆರಿಗೆ, ಸ್ವೆಟರ್, ಮೇಲೊಂದು ಶಾಲು ಎಲ್ಲ ಸೇರಿ ದಪ್ಪ ಆದ್ರೆ ಬೆಲ್ಟ್ ಮೇಲಕ್ಕೆ ಜಾರುತ್ತೆ, ಶಾಲನ್ನ ಬೆಲ್ಟ್ ಹಾಕಿದ್ಮೇಲೆ ಹೊದಿಸಿ. ಕಂಕುಳ ಕೆಳಗಿಂದ ಬೆಲ್ಟ್ ತರೋದು, ಬೆನ್ನ ಹಿಂದೆ ಹಾಕೋದು ಯಾವ ಕಾರಣಕ್ಕೂ ಬೇಡ, ಪಕ್ಕೆಲುಬು ಮುರಿದು ಒಳಗಿನ ಅಂಗಕ್ಕೇ ಚುಚ್ಚುತ್ತೆ.

ನಾನು ಬಸುರಿ ಇದ್ದಾಗ ಎಲ್ರೂ ಬೆಲ್ಟ್ ಬೇಡ ಅಂದೋರೇ. ಡಾಕ್ಟ್ರು ಮಾತ್ರ ಬೈದು ಹಾಕಿಸಿದ್ರು: ಕೆಳಗಿನ ಪಟ್ಟಿ ಹೊಟ್ಟೆ ಕೆಳಗೆ, ಮೇಲಿನ ಪಟ್ಟಿ ಎದೆ ಮಧ್ಯದಿಂದ ಹೊಟ್ಟೆ ಪಕ್ಕಕ್ಕೆ. ಈಗ ಮಗಳಿಗೆ ಆರು ವರ್ಷ, ಬೂಸ್ಟರ್ ಸೀಟ್ ಮೇಲೆ ಕೂರ್ತಾಳೆ. ಮಕ್ಕಳಿಗೆ ಬೆಲ್ಟ್ ದೊಡ್ಡದಾಯ್ತು ಅಂದ್ರೆ ಮಗುನ ಎತ್ತರ ಮಾಡ್ಬೇಕೇ ಹೊರತು ಬೆಲ್ಟನ್ನ ಹೊಲಿದು ಸಣ್ಣ ಮಾಡೋದಲ್ಲ.

ಕೋಣಂದೂರು ರೋಡ್
ಅಕ್ಕಾ, ನೀವು ನಮ್ಮನೆ ನೋಡಿ ಬರೆದಂಗಿದೆ. ಪಿನ್ನಲ್ಲ, ಬಟ್ಟೆ ಒಣಗಿಸೋ ಕ್ಲಿಪ್ಪು! ಡ್ಯಾಶ್‌ಬೋರ್ಡ್ ಡಬ್ಬಿಲಿ ಒಂದು ನೀಲಿ ಕ್ಲಿಪ್ ಯಾಕಿದೆ ಅಂತ ನಾನು ಯಾವತ್ತೂ ಕೇಳಿರ್ಲಿಲ್ಲ. ಬೆಲ್ಟ್ ಮೇಲ್ಗಡೆ ಹಾಕಿ ಸಡಿಲ ಇಟ್ಕೊಂಡು ಕೂರೋದಂತೆ.

ಆ ಗುಂಡಿ ನಮ್ಮ ಕಾರಲ್ಲೂ ಇದೆ. ಹತ್ತು ವರ್ಷದಲ್ಲಿ ಯಾರೂ ಒತ್ತಿಲ್ಲ, ಧೂಳು ಕೂತು ಗಟ್ಟಿಯಾಗಿತ್ತು, ಒತ್ತಿ ಅಲ್ಲಾಡಿಸಿದ್ಮೇಲೆ ಟಕ್ ಟಕ್ ಅಂತ ಮೂರು ಮೆಟ್ಟಿಲು ಕೆಳಗೆ ಬಂತು.

ಸೋಮವಾರಕ್ಕೆ ಏನು ಮಾಡೋದು ಅಂತ ಇನ್ನೂ ತಿಳೀತಿಲ್ಲ.

ತೀರ್ಥಹಳ್ಳಿ ಟ್ಯಾಕ್ಸಿ
ಅಮ್ಮನ್ನ ಹಿಂದಿನ ಸೀಟಲ್ಲಿ ಕೂರಿಸಿ ಮಾರಾಯ್ರೆ! ಅಲ್ಲಿ ಎರಡು ಬೆಲ್ಟ್ ಇಲ್ವಾ? ಎಲ್ರೂ ಇಷ್ಟುದ್ದ ಬರೆದ್ರಿ, ಇದನ್ನೊಂದು ಯಾರೂ ಹೇಳ್ಲಿಲ್ಲ.

ಪಕ್ಕದ ಎರಡು ಸೀಟಲ್ಲಿ ಹೆಗಲ ಮೇಲೆ ಬರೋ ಬೆಲ್ಟ್ ಇರುತ್ತೆ, ಅದನ್ನೇ ಬಳಸಿ, ಮಧ್ಯದ ಬರೀ ಸೊಂಟದ ಪಟ್ಟಿ ಬೇಡ. ಮೊದ್ಲು ಬಕಲ್ ಎಲ್ಲಿದೆ ಹುಡುಕಿ, ನಮ್ಮೂರ ಕಾರಲ್ಲಿ ನೂರಕ್ಕೆ ತೊಂಬತ್ತು ಸೀಟ್ ಕವರ್ ಒಳಗೇ ಹೂತಿರುತ್ತೆ. ಇಲಿ ಅಲ್ಲೂ ಕಡಿದಿದೆಯಾ ಪೂರ್ತಿ ಎಳೆದು ನೋಡಿ, ಬಕಲ್ಲಿಗೆ ಹಾಕಿ ಜಗ್ಗಿ, ಬೆಲ್ಟ್ ಜೋರಾಗಿ ಝಟ್ ಅಂತ ಎಳೆದಾಗ ಲಾಕ್ ಆಗ್ಬೇಕು.

ಹಿಂದೆ ಕೂತ್ರೂ ಬೆಲ್ಟ್ ಹಾಕೋದು ಕಾನೂನೇ, ಕೇಂದ್ರ ಮೋಟಾರು ವಾಹನ ನಿಯಮದ 138ನೇ ರೂಲ್ ಮೊದ್ಲಿಂದಾನೂ ಇದೆ, ಮೋಟಾರು ವಾಹನ ಕಾಯ್ದೆ 194ಬಿ ಸೆಕ್ಷನಲ್ಲಿ 1,000 ರೂಪಾಯಿ ದಂಡ ಅಂತ ಬರೆದಿದೆ. ಪ್ಯಾಸೆಂಜರಿಗೆ ಹೇಳಿದ್ರೆ ನಗ್ತಿದ್ರು. 2022ರ ಸೆಪ್ಟೆಂಬರಲ್ಲಿ ಮಹಾರಾಷ್ಟ್ರದ ಪಾಲ್‌ಘರ್ ಹತ್ರ ಕಾರು ಗುದ್ದಿ ಟಾಟಾ ಸನ್ಸ್ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರ್ಕೊಂಡ್ರಲ್ಲ, ಹಿಂದಿನ ಸೀಟಲ್ಲಿ ಬೆಲ್ಟ್ ಹಾಕಿರ್ಲಿಲ್ಲ ಅಂತ ಸುದ್ದಿ ಬಂತಲ್ಲ, ಅದಾದ್ಮೇಲೆ ಒಂದಾರು ತಿಂಗಳು ಕೇಳ್ದೇನೇ ಹಾಕ್ಕೊಂಡ್ರು. ಈಗ ಮತ್ತೆ ಹಳೇ ಹಾಡು. ಬೀಪ್ ಸದ್ದು ನಿಲ್ಲಿಸೋಕೆ ಬರೀ ನಾಲಿಗೆ ಕ್ಲಿಪ್ ಸಿಕ್ಕಿಸೋರೂ ಇದಾರೆ, 2023ರಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ 5 ಆನ್‌ಲೈನ್ ಕಂಪನಿಗಳಿಗೆ ಅದನ್ನ ಮಾರ್ಬೇಡಿ ಅಂತ ಆರ್ಡರ್ ಮಾಡಿದ್ರೂ ನಮ್ಮ ಸ್ಟ್ಯಾಂಡಲ್ಲಿ ಇನ್ನೂ ಕಾಣ್ಸುತ್ತೆ.

ಸೊರಬ ಟ್ರ್ಯಾಕ್ಟರ್
ನಂಗೆ ಲೆಕ್ಕ ಬರಲ್ಲ, ಎಳೆದು ನೋಡೋದು ಬರುತ್ತೆ. ನಮ್ಮ ಹಳೇ ಜೀಪಿಂದ ತೆಗೆದ ಬೆಲ್ಟ್ ಬಿದ್ದಿತ್ತು. ಮಧ್ಯಕ್ಕೆ ಕತ್ತರಿಸಿ, ಒಂದರ ಮೇಲೊಂದು ನಾಲ್ಕು ಇಂಚು ಇಟ್ಟು, ಪೇಟೆಲಿ ಕುಶನ್ ಅಂಗಡಿಲಿ ಚೌಕ ಹೊಡ್ದು ಒಳಗೆ ಗುಣಾಕಾರ ಗುರುತು ಹಾಕಿ ಹೊಲಿಸಿದೆ, ದಪ್ಪ ನೈಲಾನ್ ದಾರ. ಒಂದು ಕಡೆ ಹಲಸಿನ ಮರಕ್ಕೆ, ಇನ್ನೊಂದು ಕಡೆ ಒಂದು ಟನ್ನಿನ ಚೈನ್ ಪುಲ್ಲಿಗೆ ಸಿಕ್ಕಿಸಿ ಭಾವನ್ನ ಎಳೆಯೋಕೆ ನಿಲ್ಲಿಸಿದೆ, ಮೇಲೆ ಗೋಣಿಚೀಲ ಹೊದಿಸಿ, ಹರಿದು ಬಡಿದ್ರೆ ಅಂತ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪಟ್ ಅಂತ ಒಂದು ಸದ್ದು. ಮತ್ತೆ ಪಟ ಪಟ ಪಟ, ಮೆಕ್ಕೆಜೋಳ ಹುರಿದಂಗೆ. ಗೋಣಿ ತೆಗೆದು ನೋಡಿದ್ರೆ ತುದಿ ಸಾಲಿನ ದಾರ ಮೊದ್ಲು ಹೋಗಿದೆ, ಆಮೇಲೆ ಅದರ ಹಿಂದಿನ ಸಾಲು, ಹಂಗೇ ಒಂದರ ಹಿಂದೊಂದು. ಪಟ್ಟಿ ಎರಡೂ ಹಂಗೇ ಇದೆ, ಹೊಲಿಗೆ ಮಾತ್ರ ಪೂರ್ತಿ ಬಿಚ್ಕೊಂಡಿದೆ. ಆಮೇಲೆ ಹೊಲಿಗೆ ಇಲ್ದಿರೋ ತುಂಡನ್ನ ಅದೇ ಪುಲ್ಲಿಗೆ ಹಾಕಿದ್ವಿ, ಭಾವನ ಬೆನ್ನು ಹಿಡ್ಕೊಂಡ್ತೇ ಹೊರತು ಬೆಲ್ಟ್ ಜಪ್ಪಯ್ಯ ಅನ್ನಲಿಲ್ಲ.

ಮೆಕ್ಯಾನಿಕಲ್ ಮೇಷ್ಟ್ರು
ನಿಮ್ಮ ಭಾವನಿಗೆ ನಮಸ್ಕಾರ. ಒಂದೇ ಒಂದು ಎಚ್ಚರಿಕೆ, ಇನ್ಯಾರೂ ಮನೆಲಿ ಇದನ್ನ ಮಾಡ್ಬೇಡಿ, ಎಳೆತದಲ್ಲಿರೋ ಪಟ್ಟಿ ಬಿಟ್ಕೊಂಡ್ರೆ ಗೋಣಿಚೀಲ ಏನೂ ತಡೆಯಲ್ಲ. ಮತ್ತೆ ಇದು ನಿಧಾನದ ಎಳೆತ. ಕಾರಲ್ಲಿ ಇಷ್ಟೂ ಆಗೋದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ಸಾಲುಗಳು ಒಂದರ ಹಿಂದೊಂದು ಹೋಗಿದ್ದು ಮಾತ್ರ ಪಾಠದ ಪುಸ್ತಕದಲ್ಲಿ ಇದ್ದಂಗೇ ಇದೆ, ಭಾರ ಎಲ್ಲ ಹೊಲಿಗೆಗೂ ಸಮ ಬೀಳಲ್ಲ, ತುದಿ ಸಾಲಿಗೇ ಜಾಸ್ತಿ.

ಗೋಪಿ ಸರ್ಕಲ್ ಹುಡ್ಗ
ಸರಿ ಸರಿ, ನಂದು ಬಿಚ್ಚಿ ನೋಡ್ತೀನಿ. ಆದ್ರೂ ಬರೀ ಪಟ್ಟಿ ಮಾರದೆ ಪೂರ್ತಿ ಸೆಟ್ಟೇ ತಗೋ ಅನ್ನೋದು ಸುಲಿಗೆ ಅಂತ್ಲೇ ನಾನು ಹೇಳೋದು. ಅಮೆರಿಕದಲ್ಲಿ ಬೆಲ್ಟ್ ಕೊರಿಯರ್ ಮಾಡಿದ್ರೆ ಹೊಸ ಪಟ್ಟಿ ಹಾಕಿ ವಾಪಸ್ ಕಳ್ಸೋ ಅಂಗಡಿಗಳಿವೆ, ವಿಡಿಯೋ ನೋಡಿದೀನಿ.

ಭದ್ರಾವತಿ ಫಿಟ್ಟರ್
ಇವೆ, ಇಲ್ಲ ಅನ್ನಲ್ಲ. ಅವ್ರು ಮಧ್ಯೆ ತೇಪೆ ಹಾಕಲ್ಲ, ಗಾಲಿಯಿಂದ ತುದಿವರೆಗೂ ಪಟ್ಟಿನೇ ಹೊಸದು ಹಾಕಿ, ತುದಿ ಹೊಲಿಗೆಗೆ ಬೇರೆನೇ ಮಿಷನ್ ಇಟ್ಟಿರ್ತಾರೆ. ನಮ್ಮ ಜಿಲ್ಲೆಲಿ ಅಂಥ ಕೆಲ್ಸ ಮಾಡೋರು ನನ್ನ ಕಣ್ಣಿಗೆ ಬಿದ್ದಿಲ್ಲ. ಸುಲಿಗೆ ವಿಷ್ಯದಲ್ಲಿ ನಾನು ನಿಮ್ಮ ಪರ. ಆದ್ರೆ ಆ ಕೋಪನ ಬೆಲ್ಟ್ ಮೇಲೆ ತೀರಿಸ್ಕೋಬೇಡಿ.

ಸಾಗರದ ಅಕ್ಕ
ಬೂಷ್ಟು ಹಿಡಿದ ಬೆಲ್ಟ್ ಬಗ್ಗೆ ನಂಗೆ ಇಬ್ರು ಮೆಸೇಜ್ ಮಾಡಿದ್ರು, ಇಲ್ಲೇ ಹೇಳಿಬಿಡ್ತೀನಿ. ಜುಲೈ ಆಗಸ್ಟಲ್ಲಿ ನಮ್ಮ ಕಡೆ ಬಿಳಿ ಬೂಷ್ಟು ಕೂರದೇ ಇರೋ ವಸ್ತುನೇ ಇಲ್ಲ. ಬೆಲ್ಟ್ ಪೂರ್ತಿ ಎಳೆದು, ವಾಪಸ್ ಹೋಗದಂಗೆ ರಿಂಗ್ ಹತ್ರ ಕ್ಲಿಪ್ ಹಾಕಿ (ಕೋಣಂದೂರು ಅಮ್ಮನ ನೀಲಿ ಕ್ಲಿಪ್ಪಿಗೆ ಇದೇ ಸರಿಯಾದ ಕೆಲ್ಸ), ಉಗುರುಬೆಚ್ಚನೆ ನೀರಿಗೆ ಸ್ವಲ್ಪ ಮೆತ್ತನೆ ಸೋಪು ಹಾಕಿ ಬಟ್ಟೆಲಿ ಒರೆಸಿ. ಬ್ಲೀಚಿಂಗ್ ಬೇಡ, ಬಣ್ಣ ಹಾಕೋದು ಬೇಡ, ಥಿನ್ನರ್ ಪೆಟ್ರೋಲ್ ಅಂತೂ ಬೇಡವೇ ಬೇಡ, ನೂಲಿನ ಶಕ್ತಿ ಹೋಗುತ್ತೆ. ಪೂರ್ತಿ ಒಣಗೋವರೆಗೂ ಒಳಗೆ ಬಿಡ್ಬೇಡಿ, ಮಳೆಗಾಲದಲ್ಲಿ ಅದಕ್ಕೇ ಒಂದು ದಿನ ಬೇಕು. ಬೆಲ್ಟ್ ನಿಧಾನ ಒಳಗೆ ಹೋಗುತ್ತೆ ಅಂತ ಎಣ್ಣೆ ಬಿಡೋರಿದಾರೆ, ತಪ್ಪು. ಮೇಲಿನ ರಿಂಗಿನ ಒಳಗೆ ಬೆವರು ಧೂಳು ಸೇರಿ ಜಿಡ್ಡು ಕಟ್ಟಿರುತ್ತೆ, ಒದ್ದೆ ಬಟ್ಟೆ ತೂರಿಸಿ ಉಜ್ಜಿದ್ರೆ ಬಹಳ ಸಲ ಅಷ್ಟಕ್ಕೇ ಸರಿಯಾಗುತ್ತೆ.

ಕುಶನ್ ಕೆಲ್ಸದೋನು
ಇಲಿಗೆ ಏನ್ ಮಾಡಿದ್ರಿ? ಬೆಲ್ಟ್ ಹೊಸದು ಹಾಕಿ ಇಲಿ ಹಳೇದೇ ಇದ್ರೆ?

ಕೋಣಂದೂರು ರೋಡ್
ಹೊಗೆಸೊಪ್ಪು ಇಟ್ಟೆ, ನುಸಿಗುಳಿಗೆ ಇಟ್ಟೆ, ಬೋನು ಇಟ್ಟೆ. ಬೋನಲ್ಲಿ ಪಕ್ಕದ ಮನೆ ಬೆಕ್ಕಿನ ಮರಿ ಸಿಕ್ತು. ಈಗ ಕಾರನ್ನ ಗೋದಾಮಿಂದ ದೂರ ಅಂಗಳದಲ್ಲೇ ನಿಲ್ಲಿಸ್ತಿದೀನಿ, ಒಳಗೆ ತಿನ್ನೋ ಪದಾರ್ಥ ಏನೂ ಬಿಡ್ತಿಲ್ಲ. ಹಿಂದಿನ ಸೀಟಿನ ಸಂದಿಲಿ ನಾಲ್ಕು ಗೋಟಡಿಕೆ, ಅರ್ಧ ಪ್ಯಾಕೆಟ್ ಬಿಸ್ಕತ್ತು ಸಿಕ್ತು, ಇಲಿದೇನು ತಪ್ಪು.

ಕೋಣಂದೂರು ರೋಡ್
ಮಣಿಪಾಲಕ್ಕೆ ಹೋಗಿ ಬಂದ್ವಿ. ಟ್ಯಾಕ್ಸಿಯವ್ರು ಹೇಳಿದಂಗೆ ಅಮ್ಮನ್ನ ಹಿಂದೆ ಎಡಗಡೆ ಕೂರಿಸಿದ್ದು. ಬಕಲ್ ಹುಡುಕೋಕೇ ಮುಕ್ಕಾಲು ಗಂಟೆ ಆಯ್ತು, ಸೀಟ್ ಕವರಿನ ಕೊಕ್ಕೆ ಬಿಚ್ಚಿ ಕೈ ತೂರಿಸಿದ್ರೆ ಕೆಳಗೆ ಮಗುಚಿ ಬಿದ್ದಿತ್ತು, ಹೊಸದಾಗಿದ್ದಾಗಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರ್ಲಿಲ್ಲ. ಕುತ್ತಿಗೆಗೆ ಅಲ್ಲಿ ಅಷ್ಟು ತಾಗಲ್ಲಂತೆ. ಘಾಟಿಲಿ ಎಂಟನೇ ತಿರುವಲ್ಲಿ ಮಂಗ ಅಡ್ಡ ಬಂದು ಬ್ರೇಕ್ ಹೊಡೆದೆ, ಬೆಲ್ಟ್ ಕಟಕ್ ಅಂತ ಹಿಡೀತು. ಅಮ್ಮ "ಅಯ್ಯ, ಇದ್ ಹಿಡ್ಕಳ್ತದೆ ಕಣೋ" ಅಂದ್ರು.

ಹೊಸ ಬೆಲ್ಟ್ 18 ದಿನಕ್ಕೆ ಬಂತು. ಕೂರಿಸೋವಾಗ ಪಕ್ಕದಲ್ಲೇ ನಿಂತಿದ್ದೆ, ಹೊಸ ಬೋಲ್ಟು, ಟಾರ್ಕ್ ಸ್ಪ್ಯಾನರ್ ಎಲ್ಲ ನೋಡಿ ಬಂದೆ.

ಗೋಪಿ ಸರ್ಕಲ್ ಹುಡ್ಗ
ಹಳೇ ಸೆಟ್ ಎಸೆದಿಲ್ಲ ಅಲ್ವಾ? ನಂದೂ ಅದೇ ಮಾಡೆಲ್ ಅನ್ಸುತ್ತೆ, ಡಬ್ಬಿ ಏನಾದ್ರೂ ಬಳಕೆಗೆ ಬರುತ್ತಾ...

ಕೋಣಂದೂರು ರೋಡ್
ಇಲ್ಲ ಮಾರಾಯ, ಗುಜರಿಗೆ ಹಾಕೋಕೆ ಮೊದ್ಲೇ ಪಟ್ಟಿ ಮೂರು ತುಂಡು ಮಾಡಿದೀನಿ, ಇನ್ಯಾರೂ ಹೊಲಿಸಿ ಹಾಕ್ಕೊಳ್ಳದಂಗೆ. ಒಂದು ತುಂಡು ಕೊಟ್ಟಿಗೆ ಬಾಗಿಲಿಗೆ ಕಟ್ಟಾಯ್ತು. ಇನ್ನೊಂದನ್ನ ಅಮ್ಮ ಕರು ಕಟ್ಟೋಕೆ ಎತ್ತಿಟ್ಟಿದಾರೆ, ಇಲಿ ಕಡಿದಿರೋ ಜಾಗ ಬಿಟ್ಟು.